ಬಕಲ್ ಬಿಚ್ಚಿದ ಕೈ

ನಾನು ನಿಂತಿದ್ದದ್ದು ಗೊರೇಬಾಳದ ನನ್ನ ಅಣ್ಣನ ಮನೆಯ ಪಡಸಾಲೆಯಲ್ಲಿ, ಕಾಲುವೆಯ ಕಡೆಗಿನ ಕಿಟಕಿಗೆ ಬೆನ್ನು ಕೊಟ್ಟು. ಯುಗಾದಿ ಕಳೆದ ಎರಡನೆಯ ಭಾನುವಾರ, ಬೆಳಗಿನ ಹತ್ತೂವರೆಯ ಹೊತ್ತು. ಅಣ್ಣ ನನ್ನ ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ವಾಕರ್ ಹಿಡಿದು ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಬೀಳದಂತೆ ಅವನ ಸೊಂಟಕ್ಕೆ ಸುತ್ತಿದ್ದ ಬೆಲ್ಟನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದಿದ್ದವಳು ನರ್ಸ್. ಬೆಲ್ಟಿನ ಬಕಲ್ ಅವನ ಹೊಟ್ಟೆಯ ಮೇಲಿತ್ತು. ನಾನಿದ್ದಲ್ಲಿಂದ ಅದು ಕಾಣುತ್ತಿತ್ತು. ಆಕೆ ಬಕಲ್ ಹಾಕಿರಲೇ ಇಲ್ಲ, ಅದಕ್ಕೇ ಅವನು ಬಿದ್ದ ಎಂದು ಊರು ಹೇಳುತ್ತದೆ. ಆ ಮಾತಿನಿಂದ ಆಕೆಯ ಕೆಲಸ ಹೋಯಿತು. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಅಣ್ಣನ ಕಾಲು ಮುರಿದವನು ನಮ್ಮ ಚಿಕ್ಕಪ್ಪನ ಮಗ. ಎರಡನೆಯ ಬೆಳೆಗೆ ಕಾಲುವೆಗೆ ನೀರು ಬಿಟ್ಟ ವಾರ ತೂಬಿನ ಹತ್ತಿರ ನೀರಿನ ಪಾಳಿಯ ಬಗ್ಗೆ ಮಾತು ಬೆಳೆದು, ಹಾರೆಯಿಂದ ಎಡತೊಡೆಗೆ ಹೊಡೆದ. ಬಿದ್ದ ಮೇಲೆ ಅದೇ ಜಾಗಕ್ಕೆ ಮತ್ತೆ ಹೊಡೆದನಂತೆ. ಹೊಡೆದದ್ದನ್ನು ನಾನು ನೋಡಲಿಲ್ಲ. ಕಾಲನ್ನು ನೋಡಿದೆ, ಸಿಂಧನೂರಿನ ಆಸ್ಪತ್ರೆಯ ಸ್ಟ್ರೆಚರಿನ ಮೇಲೆ. ಮೂಳೆಯ ತುದಿ ಲುಂಗಿ ಹರಿದು ಹೊರಗೆ ಬಂದಿತ್ತು; ಅದಕ್ಕೆ ಗದ್ದೆಯ ಕೆಸರು ಮೆತ್ತಿತ್ತು. ಹೊಡೆದವನ ಮೇಲೆ ಕೇಸಾಯಿತು; ಅಣ್ಣನನ್ನು ಬಳ್ಳಾರಿಗೆ ಒಯ್ದೆವು. ಅಲ್ಲಿ ತೊಡೆಯ ಹೊರಗಿನಿಂದ ಕಬ್ಬಿಣದ ಸರಳುಗಳನ್ನು ಮೂಳೆಗೆ ಕೂರಿಸಿ, ಅವನ್ನೆಲ್ಲ ಒಂದು ಚೌಕಟ್ಟಿಗೆ ಬಿಗಿದರು. ಕೀವು ನಿಲ್ಲದಿದ್ದರೆ, ಅಥವಾ ಅದೇ ಜಾಗ ಇನ್ನೊಮ್ಮೆ ಮುರಿದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು.

ಮನೆಯಲ್ಲಿ ಆರೈಕೆಗೆ ಸಿಂಧನೂರಿನ ಒಂದು ಸಂಸ್ಥೆಯಿಂದ ಈ ನರ್ಸ್ ದಿನಾ ಬೆಳಿಗ್ಗೆ ಸ್ಕೂಟಿಯಲ್ಲಿ ಬರುತ್ತಿದ್ದಳು. ಲಿಂಗಸೂಗೂರಿನ ಹುಡುಗಿ, ಸಿಂಧನೂರಿನಲ್ಲಿ ರೂಮು ಮಾಡಿಕೊಂಡಿದ್ದಳು. ನಾನು ಮಸ್ಕಿಯಲ್ಲಿ ಮೇಷ್ಟ್ರು, ಭಾನುವಾರಗಳಂದು ಹೋಗುತ್ತಿದ್ದೆ. ಡ್ರೆಸ್ಸಿಂಗ್ ನೋಡುವುದು ಸುಲಭವಿರಲಿಲ್ಲ. ಸರಳಿಗೆ ಅಂಟಿ ಒಣಗಿದ ಪಟ್ಟಿಯನ್ನು ಆಕೆ ಬಿಡಿಸುವಾಗ ಅಣ್ಣ ಟವೆಲ್ ಕಚ್ಚಿಕೊಂಡು ಅವಳ ತಾಯಿಯನ್ನು ಬೈಯುತ್ತಿದ್ದ. ಒಮ್ಮೆ ಕೆನ್ನೆಗೇ ಬಾರಿಸಿದ. ಇನ್ನೊಂದು ಸಲ ಕೈ ಎತ್ತಿದರೆ ನಾಳೆಯಿಂದ ಪೊಲೀಸರೇ ಬಂದು ಡ್ರೆಸ್ಸಿಂಗ್ ಮಾಡುತ್ತಾರೆ ಎಂದು ಆಕೆ ಹೇಳಿದಳು. ಆಮೇಲೆ ಅವನು ಮಂಚದ ಪಟ್ಟಿಯನ್ನು ಹೊಡೆಯುತ್ತಿದ್ದ, ಅವಳನ್ನಲ್ಲ.

ಕೀವು ನಿಂತಿತು. ಆ ಭಾನುವಾರ ಅವನನ್ನು ಮೊದಲ ಸಲ ನಿಲ್ಲಿಸುವುದಿತ್ತು. ಬೆಲ್ಟ್ ಸುತ್ತಿ ಬಕಲ್ ಒತ್ತಿದಾಗ ಚಟ್ ಎಂದ ಸದ್ದು ನನಗೆ ಕೇಳಿಸಿತು. ಬಿಗಿಯಾಗಿದೆಯೇ ಎಂದು ಆಕೆ ಎಳೆದು ನೋಡಿದಳು.

"ಸಿಸ್ಟರವ್ವ, ನಾವು ಎತ್ತಿಗೂ ಇಷ್ಟು ಬಿಗಿಯಂಗಿಲ್ಲ," ಅಂದ ಅಣ್ಣ.

"ಎತ್ತು ಹೇಳಿದ ಮಾತು ಕೇಳ್ತಾವ್ರಿ ಅಣ್ಣಾರ. ಭಾರ ಎಲ್ಲಾ ಬಲಗಾಲಿಗೆ ಹಾಕ್ರಿ. ಎಡಗಾಲು ಸುಮ್ನ ನೆಲ ಮುಟ್ಲಿ, ಸಾಕು."

ಅವನು ನಿಂತ. ಕಾಲು ನಡುಗಿತು, ಆದರೂ ನಿಂತ. ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದಿದ್ದ ಅತ್ತಿಗೆ ಅದನ್ನು ಹಾಗೆಯೇ ಹಿಡಿದುಕೊಂಡು ನೋಡುತ್ತಿದ್ದಳು.

ಆಗ ಹೊರಗಿನ ಬಾಗಿಲಲ್ಲಿ ಹಿರಿಯರಿಬ್ಬರು ಕಾಣಿಸಿಕೊಂಡರು: ಮುಕ್ಕುಂದದ ನಮ್ಮ ಸೋದರಮಾವ, ಮತ್ತು ಊರಿನ ಒಬ್ಬ ಯಜಮಾನರು. ನಮ್ಮಲ್ಲಿ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಯಾರು ಬಂದರೂ ಬಾಗಿಲು ಹಾಕುವುದಿಲ್ಲ, ಹಗೆಯವರಾದರೂ ಸರಿ. ಹೊಡೆದವನು ಹೊಡೆಸಿಕೊಂಡವನ ಮನೆಗೆ ಹೀಗೆ ಬಂದು ಕಾಲು ಮುಟ್ಟಿ, ಆ ಮನೆಯ ಚಹಾ ಕುಡಿದನೆಂದರೆ ರಾಜಿ ಆಯಿತು, ಕೇಸು ಮುಗಿಯಿತು. ಹಿರಿಯರು ಅದನ್ನೇ ಎಣಿಸಿ ಬಂದಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ. ಅವರ ಹಿಂದೆ ಚಿಕ್ಕಪ್ಪನ ಮಗ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತಿದ್ದ.

"ಎದ್ದು ನಿಂತೀಯಲ್ಲೋ ತಮ್ಮಾ," ಅಂದರು ಯಜಮಾನರು. "ನೋಡು, ನಿನ್ನ ಮಾತಾಡ್ಸಾಕ ಯಾರು ಬಂದಾರ."

ಅಣ್ಣ ಅವನನ್ನು ನೋಡಿದ. ದನಿ ಏರಲಿಲ್ಲ. "ಬೆಲ್ಟ್ ಬಿಡವ್ವಾ," ಅಂದ.

"ಬಿಡಂಗಿಲ್ರಿ. ಮೊದಲು ಕುಂದರ್ರಿ."

"ಇವನ ಮುಂದ ಹಗ್ಗ ಹಾಕಿದ ಎತ್ತಿನಂಗ ನಿಲ್ಲಂಗಿಲ್ಲ ನಾ."

ಎಡಗೈಯನ್ನು ವಾಕರಿನಿಂದ ತೆಗೆದ. ಹೆಬ್ಬೆರಳಿನಿಂದ ಬಕಲ್ ಒತ್ತಿದ. ಬೆಲ್ಟ್ ಎರಡು ತುದಿಯಾಗಿ ಹಿಂದಕ್ಕೆ ಜಾರಿ ಅವಳ ಮುಷ್ಟಿಗಳಲ್ಲಿ ಜೋತುಬಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಮಗ ಒಳಗೆ ಬಂದು, ಕಾಲು ಮುಟ್ಟಲು ಬಾಗಿದ್ದ.

ಅಣ್ಣ ಎರಡೂ ಕೈಯಿಂದ ವಾಕರ್ ಎತ್ತಿ, ಬಾಗಿದ ತಲೆಯ ಕಡೆಗೆ ಬೀಸಿದ. ಮೊದಲ ಏಟು ಹೆಗಲಿಗೆ ಬಿತ್ತು. ಅವನು ಮುಖ ಎತ್ತಿದ. ಎರಡನೆಯ ಏಟಿಗೆ ವಾಕರಿನ ಒಂದು ಕಾಲು ಅವನ ಕಣ್ಣಿನ ಕೆಳಗೆ ಹೊಕ್ಕಿತು. ಹೊಡೆಯುವ ಭರದಲ್ಲಿ ಅಣ್ಣನ ಭಾರವೆಲ್ಲ ಎಡಗಾಲಿಗೆ ಬಂತು. ತೊಡೆ ಚೌಕಟ್ಟಿನೊಳಗೇ ಬಾಗಿತು. ಹಸಿ ಕೊಂಬೆ ಮುರಿದಂಥ ಸದ್ದು. ಸರಳುಗಳು ಮಾಂಸವನ್ನು ಸೀಳಿಕೊಂಡು ಪಕ್ಕಕ್ಕೆ ಬಂದವು. ನರ್ಸ್ ಬೆಲ್ಟ್ ಬಿಸುಟು ಅವನ ಅಂಗಿಯನ್ನು ಹಿಡಿದಳು; ಅಂಗಿ ಹರಿದು ಅವಳ ಕೈಗೆ ಬಂತು. ಅವನು ಬಿದ್ದ.

ಇಬ್ಬರೂ ಒಂದೇ ನೆಲದ ಮೇಲೆ ಬಿದ್ದಿದ್ದರು, ಒಬ್ಬರ ರಕ್ತ ಇನ್ನೊಬ್ಬರದಕ್ಕೆ ಸೇರುತ್ತಿತ್ತು. ಬ್ರೆಡ್ಡು ಅದರಲ್ಲಿ ನೆನೆದಿತ್ತು. ಆಕೆ ಅಣ್ಣನ ತೊಡೆಸಂದಿಗೆ ಮುಷ್ಟಿ ಊರಿ, ತನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿ ಕುಳಿತಳು. ಟವೆಲ್ಲನ್ನು ಚಿಕ್ಕಪ್ಪನ ಮಗನ ಕೆನ್ನೆಗೆ ಹಿಡಿಯಲು ನನಗೆ ಹೇಳಿದಳು. ಕಣ್ಣನ್ನು ಮಾತ್ರ ಒತ್ತಬೇಡಿ ಎಂದಳು. ನಾನು ಹಿಡಿದೆ. ಟವೆಲಿನ ಕೆಳಗೆ ಮೂಳೆ ಅಲುಗಾಡುತ್ತಿತ್ತು.

ಜೀಪಿಗೆ ಹಾಕುವ ತನಕ ಆಕೆ ಮುಷ್ಟಿ ತೆಗೆಯಲಿಲ್ಲ. ಅಂಗಳದಲ್ಲಿ ಜನ ಸೇರಿದ್ದರು. ಏನಾಯಿತು ಎಂದು ಯಾರೋ ಕೇಳಿದಾಗ ಯಜಮಾನರು ಎರಡೂ ಮನೆಯವರ ಕಡೆ ನೋಡಿದರು.

"ಸಿಸ್ಟರ್ ಬಕಲ್ ಹಾಕಿರ್ಲಿಲ್ಲ," ಅಂದರು. "ಹಂಗಾಗಿ ಬಿದ್ದ. ಬೀಳುವಾಗ ವಾಕರ್ ಈತಗ ಬಡೀತು."

ಹಾಗಲ್ಲ ಎಂದು ನಾನು ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಅತ್ತಿಗೆ ಹೋಗಿ ನರ್ಸಿನ ಕೂದಲು ಹಿಡಿದು ಮುಖಕ್ಕೆ ಹೊಡೆದಳು. ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದವಳು ಹೊಡೆದಳು. ಆಮೇಲೆ ನೋಡದವರೂ ಹೊಡೆದರು. ಸ್ಕೂಟಿಯನ್ನು ಕೆಡವಿ ಅದರ ಮೇಲೆ ಕಲ್ಲು ಹಾಕಿದರು. ನಾನು ನಡುವೆ ಹೋದಾಗ ನನ್ನ ಕಿವಿಗೂ ಒಂದು ಏಟು ಬಿತ್ತು. ಆ ಕಿವಿ ಈಗಲೂ ಮಂದ. ನಮ್ಮವರಿಗೂ ಚಿಕ್ಕಪ್ಪನವರಿಗೂ ನಡುವೆ ಹಾರೆ ಬಿದ್ದಂದಿನಿಂದ ಮಾತಿರಲಿಲ್ಲ. ಆ ಅಂಗಳದಲ್ಲಿ ಎರಡೂ ಮನೆಯವರು ಸೇರಿ ಆಕೆಯನ್ನು ಹೊಡೆದರು.

ಮರುದಿನ ಆ ಸಂಸ್ಥೆಗೆ ಹೋಗಿ ಕಂಡದ್ದನ್ನು ಹೇಳಿದೆ. ಮನೆಯವರೆಲ್ಲ ಒಂದು ಹೇಳುತ್ತಾರೆ, ನೀವೊಬ್ಬರು ಒಂದು ಹೇಳುತ್ತೀರಿ ಎಂದು ಅಲ್ಲಿಯವರು ಅಂದರು. ಆಕೆಯನ್ನು ತೆಗೆದರು. ಪೊಲೀಸರು ಎರಡೂ ಮನೆಯವರನ್ನು ಕೇಳಿದರು. ದೂರು ಯಾರದೂ ಇರಲಿಲ್ಲ; ಹಾರೆಯ ಕೇಸೂ ರಾಜಿಯಲ್ಲಿ ಮುಗಿಯಿತು.

ಬಳ್ಳಾರಿಯಲ್ಲಿ ಕಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಅಣ್ಣ ಮಾತಾಡುವ ಹಾಗಾದಾಗ, ಬಕಲ್ ಬಿಚ್ಚಿದ್ದು ನೀನು ಎಂದೆ.

"ಬಿಚ್ಚಿದೆ," ಅಂದ. "ಈಗ ಆತನ ಮ್ಯಾಲ ಕೇಸ್ ಇಲ್ಲ, ನನ್ನ ಮ್ಯಾಲೂ ಇಲ್ಲ. ಆಕಿಗೆ ಬ್ಯಾರೆ ಊರಾಗ ಕೆಲಸ ಸಿಗತೈತಿ, ಬಿಡು."

ಸಿಕ್ಕಿಲ್ಲ. ಕೇಳಿದಲ್ಲೆಲ್ಲ ಈ ಮಾತು ಅವಳಿಗಿಂತ ಮೊದಲೇ ತಲುಪಿರುತ್ತದೆ.

ಆ ಪಡಸಾಲೆಯಲ್ಲಿದ್ದವರಲ್ಲಿ ಮುಕ್ಕುಂದದ ಸೋದರಮಾವ ತೀರಿಕೊಂಡಿದ್ದಾರೆ. ಯಜಮಾನರು ಗೊರೇಬಾಳದಲ್ಲಿ ಇದ್ದಾರೆ, ಕಟ್ಟೆಯ ಮೇಲೆ ಸಿಗುತ್ತಾರೆ. ಚಿಕ್ಕಪ್ಪನ ಮಗ ಇದ್ದಾನೆ. ಒಂದು ಕಣ್ಣು ಹೋಗಿದೆ, ಬಕಲ್ ಬಿಚ್ಚಿದ್ದನ್ನು ನೋಡಿದಾಗ ಎರಡೂ ಇದ್ದವು. ಅತ್ತಿಗೆ ಇದ್ದಾಳೆ. ಆ ನರ್ಸ್ ಲಿಂಗಸೂಗೂರಿನಲ್ಲಿ ತನ್ನ ತಾಯಿಯ ಮನೆಯಲ್ಲಿದ್ದಾಳೆ. ಅಣ್ಣ ಇದ್ದಾನೆ.