ಇಳಿಜಾರಿನ ಗಳಿಕೆ

ನಮ್ಮ ಹಳೆಯ ಡೀಸೆಲ್ ಜೀಪಿನ ಮುಂದಿನ ಹಿಡಿಗೆ ಸದಾ ಒಂದು ಒದ್ದೆ ಟವೆಲ್ಲು ಕಟ್ಟಿರುತ್ತಿತ್ತು. ಅದು ಗಾಜು ಒರೆಸಲು ಇರಬೇಕೆಂದು ನೋಡಿದವರು ತಿಳಿಯುತ್ತಿದ್ದರು. ಅದು ಇದ್ದದ್ದು ನನ್ನ ಹೆಂಡತಿ ಸುಮಿತ್ರೆಯ ಮೂಗಿಗೆ. ಅವಳಿಗೆ ಉಬ್ಬಸ. ಹೆಗ್ಗದ್ದೆ ಕಡೆಯ ನಮ್ಮ ಕಾಫಿ ತೋಟದಿಂದ ಹೊರಟು, ಏರಿನಲ್ಲಿ ಜೀಪು ಏದುಸಿರು ಬಿಡುತ್ತಾ ಕರಿಹೊಗೆ ಕಾರತೊಡಗಿದರೆ, ಆ ಹೊಗೆ ಹಿಂದಿನ ಪರದೆಯ ಸಂದಿಯಿಂದ ನುಸುಳಿ ಬಂದು, ಒಳಗೆ ಕೂತ ಇಷ್ಟು ಜನರನ್ನು ಬಿಟ್ಟು ಹುಡುಕುತ್ತಿದ್ದುದು ಇವಳೊಬ್ಬಳನ್ನೇ. ಜೀಪಿನ ಏದುಸಿರು ದಿಣ್ಣೆ ಹತ್ತಿದ ಮೇಲೆ ನಿಲ್ಲುತ್ತಿತ್ತು, ಅವಳದು ಮನೆ ಸೇರಿದ ಮೇಲೂ ನಿಲ್ಲುತ್ತಿರಲಿಲ್ಲ. ಬರಬರುತ್ತಾ ಅವಳು ಜೀಪು ಹತ್ತುವುದನ್ನೇ ಬಿಟ್ಟಳು. ಮದುವೆಗೂ ನಾಮಕರಣಕ್ಕೂ “ನೀವೇ ಹೋಗ್ಬನ್ನಿ” ಎಂಬ ಒಂದೇ ಮಾತು. ಮಗ್ಗೆಯಲ್ಲಿ ಸ್ವಂತ ತಂಗಿಯ ಮನೆಯಿದ್ದರೂ ಅಲ್ಲಿಗೂ ಇಲ್ಲ. ಎಲ್ಲಿಗಾದರೂ ಹೋಗೋಣವೇ ಎಂದು ಕೇಳುವುದನ್ನೇ ಅವಳು ಮರೆತುಬಿಟ್ಟಳು, ಮತ್ತು ಗೆಳೆಯರೇ, ಏನನ್ನೂ ಕೇಳದ ಹೆಂಡತಿ ಪುಣ್ಯದ ಫಲವೆಂದು ಹಾಸ್ಯ ಮಾಡುವವರಿಗೆ ಆ ಸಂಕಟ ತಿಳಿಯದು.

ಇಂಥ ಹೊತ್ತಿನಲ್ಲಿ, ಆ ಜೀಪನ್ನು ಮಾಡಿದ ಕಂಪನಿಯೇ ಇನ್ನು ಮುಂದೆ ಬ್ಯಾಟರಿ ಕಾರುಗಳ ಕಡೆ ಹೊರಳುತ್ತಿದೆಯೆಂದು ಕೇಳಿದಾಗ ನಾನು ನಕ್ಕುಬಿಟ್ಟೆ. ಹೊಗೆಯಲ್ಲೇ ಹೆಸರು ಮಾಡಿದವರಿಗೆ ಇದೆಂಥ ವೈರಾಗ್ಯ! ಆದರೆ ಹಳೆಯ ಗಿರಾಕಿಗಳನ್ನು ಕಾರ್ಖಾನೆ ನೋಡಲು ಕರೆದಾಗ, ಊಟವೂ ಇದೆಯೆಂದು ಕೇಳಿ ಹೋದೆ. ಮಾಡಿನ ಮೇಲೆಲ್ಲ ಬಿಸಿಲು ಹೀರುವ ಹಲಗೆಗಳು. ಬಣ್ಣ ಬಳಿಯುವ ಕಡೆ ಬಳಸಿದ ನೀರನ್ನು ತೊಳೆದು ಶುದ್ಧಮಾಡಿ ಮತ್ತೆ ಅದೇ ಕೆಲಸಕ್ಕೆ ಹರಿಸುತ್ತಿದ್ದರು. ಉಳಿದವರು ಮುಂದೆ ಹೋದರೂ ನಾನು ಆ ನೀರಿನ ತೊಟ್ಟಿಯ ಮುಂದೆ ನಿಂತೇ ಇದ್ದೆ. ಕಾಫಿ ಹಣ್ಣು ಸುಲಿದ ಕೆಟ್ಟ ನೀರನ್ನು ಹಿಂದೆ ನಾವೆಲ್ಲ ಕಣ್ಣುಮುಚ್ಚಿ ಹಳ್ಳಕ್ಕೆ ಬಿಡುತ್ತಿದ್ದೆವು. ಆಮೇಲೆ ಗುಂಡಿ ತೋಡಿ ಅದನ್ನು ನಿಲ್ಲಿಸಿಕೊಳ್ಳುವುದನ್ನು ಕಲಿಯಲು ಎಷ್ಟು ಗೊಣಗಿದೆವೆಂಬುದು ನನಗೆ ಗೊತ್ತು. ಇಷ್ಟು ದೊಡ್ಡ ಕಾರ್ಖಾನೆ ತನ್ನ ಅಭ್ಯಾಸವನ್ನು ತಾನೇ ತಿದ್ದಿಕೊಳ್ಳುವುದೆಂದರೆ ಅದೇನು ಸಣ್ಣ ಮಾತಲ್ಲ. ಅಲ್ಲಿಂದ ಬಂದವನು ಜೀಪು ಕೊಟ್ಟು ಅವರದೇ ಬ್ಯಾಟರಿ ಕಾರು ತಂದೆ.

ಪಕ್ಕದ ತೋಟದ ಪುಟ್ಟಸ್ವಾಮಿ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಸದ್ದೇ ಇಲ್ವಲ್ಲೋ ಮಾರಾಯ! ಇದು ಬಂದ್ರೆ ಆನೆಗೂ ಗೊತ್ತಾಗಕಿಲ್ಲ, ಮನೇಲಿ ಹೆಂಡ್ರಿಗೂ ಗೊತ್ತಾಗಕಿಲ್ಲ ಕಣೋ” ಎಂದ. ಅವನ ಕೀಟಲೆ ಹಾಗಿರಲಿ, ನನಗೂ ಅನುಮಾನಗಳಿಲ್ಲದಿಲ್ಲ. ಈ ಬ್ಯಾಟರಿಯೊಳಗಿನ ಲೋಹಕ್ಕಾಗಿ ಯಾರದೋ ಊರಿನ ಗುಡ್ಡವನ್ನು ಅಗೆದಿರುತ್ತಾರೆ, ಮತ್ತು ಗುಡ್ಡ ಅಗೆದರೆ ಏನಾಗುತ್ತದೆಂದು ಘಟ್ಟದ ಅಂಚಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನ್ನ ಮನೆಯವಳ ಮೂಗಿನ ಮುಂದಿನ ಹೊಗೆಯಾದರೂ ಇಲ್ಲವಾಯಿತಲ್ಲ ಎಂಬ ಸ್ವಾರ್ಥದ ಸಮಾಧಾನ ಸುಳ್ಳಲ್ಲ.

ಸುಮಿತ್ರೆಯನ್ನು ಬಹಳ ಪುಸಲಾಯಿಸಿ ಒಂದು ಬೆಳಗ್ಗೆ ಮಗ್ಗೆಗೆ ಹೊರಡಿಸಿದೆ. ಹಿಂದಿನ ದಿನ ಕರೆಂಟು ಕಣ್ಣಾಮುಚ್ಚಾಲೆ ಆಡಿದ್ದರಿಂದ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ, ಹೋಗಿಬರಲು ಸಾಕೆಂದುಕೊಂಡೆ. ಇಲ್ಲಿ ನಮ್ಮ ಕಡೆಯವರ ಒಂದು ಚಟ ಹೇಳಬೇಕು. ಇಳಿಜಾರು ಕಂಡರೆ ನಮ್ಮ ಕೈ ತಾನಾಗಿ ಗೇರನ್ನು ನ್ಯೂಟ್ರಲ್‌ಗೆ ತಳ್ಳುತ್ತದೆ. ಏರಿನಲ್ಲಿ ಸುಟ್ಟ ಡೀಸೆಲ್ಲಿನ ಹೊಟ್ಟೆಯುರಿಗೆ ಇಳಿತವನ್ನು ಪುಕ್ಕಟೆ ಇಳಿಯುವುದು, ತಿರುವು ಬಂದಲ್ಲಿ ಬ್ರೇಕು ತುಳಿಯುವುದು. ಅದು ಅಪಾಯವೆಂದು ಎಷ್ಟು ಸಲ ಕೇಳಿದ್ದರೂ ಬಿಟ್ಟವರಿಲ್ಲ. ಹೊಸ ಕಾರನ್ನೂ ಹಾಗೆಯೇ ಇಳಿಸಿದೆ. ಮಗ್ಗೆ ಮುಟ್ಟುವಾಗ ಚಾರ್ಜು ನಾನು ಎಣಿಸಿದ್ದಕ್ಕಿಂತ ಬಹಳ ಕೆಳಗಿತ್ತು.

ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು, ನಕ್ಕು, ಉಂಡದ್ದಾಯಿತು. ಹೊರಡುವ ಹೊತ್ತಿಗೆ ಚಾರ್ಜಿಗೆ ಹಾಕೋಣವೆಂದರೆ ಕರೆಂಟಿಲ್ಲ.

“ಲೈನ್ ಕೆಲ್ಸ ಐತಂತೆ ಭಾವ. ಸಕಲೇಶಪುರದ ತಂಕ ಇಲ್ವಂತೆ, ನಾಳೀಕೇ ಬರೋದು” ಎಂದಳು ತಂಗಿ ಲಲಿತ. “ಅಕ್ಕನ್ನ ನಮ್ಮ ಪಿಕಪ್‌ನಲ್ಲಿ ಕಳಿಸ್ಕೊಡ್ತೀವಿ. ನೀವು ಕಾರು ಇಲ್ಲೇ ಬಿಟ್ಟು ಜೊತೇಲಿ ಹೋಗಿ.”

ಪಿಕಪ್ ಡೀಸೆಲ್ಲಿನದು. ಸುಮಿತ್ರೆಯ ಮುಖ ಸಣ್ಣಗಾಯಿತು. ಅಲ್ಲೇ ಉಳಿಯೋಣವೆಂದರೆ ಅವಳ ಔಷಧ ಮನೆಯಲ್ಲಿತ್ತು. ಪಿಕಪ್ ಹತ್ತಿದರೆ ಅವಳು ಉಬ್ಬಸ ಹಿಡಿದೇ ಮನೆ ಸೇರುತ್ತಾಳೆ, ಮತ್ತೆಂದೂ ಹೊರಗೆ ಕಾಲಿಡುವುದಿಲ್ಲವೆಂದು ನನಗೆ ಖಾತ್ರಿಯಾಯಿತು.

ಅವಳು ಕಾರಿನ ಬಾಗಿಲಿಗೆ ಒರಗಿ ಸ್ವಲ್ಪ ಯೋಚಿಸಿದಳು. “ರೀ, ಬರ್ತಾ ಒಂದು ಇಳಿಜಾರಲ್ಲಿ ಯಾರನ್ನೋ ಮಾತಾಡ್ಸೋ ಸಡಗರದಲ್ಲಿ ನೀವು ನ್ಯೂಟ್ರಲ್ ಮಾಡೋದು ಮರ್ತುಬುಟ್ರಿ. ಆವಾಗ ಮೀಟರ್‌ನಲ್ಲಿ ಒಂದು ಹಸಿರು ಪಟ್ಟಿ ಮೇಲಕ್ಕೆ ಹೋಯ್ತು. ನ್ಯೂಟ್ರಲ್ ಮಾಡ್ದಾಗೆಲ್ಲ ಅದು ಬರ್ಲೇ ಇಲ್ಲ. ಅದೇನು?”

ಕಾರು ಮಾರಿದವನು ಹೇಳಿದ್ದು ಆಗ ನೆನಪಾಗಿ ಅವಳಿಗೂ ಹೇಳಿದೆ: ಗೇರಿನಲ್ಲೇ ಇಳಿದರೆ ಚಕ್ರದ ತಿರುಗಾಟವೇ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಅವನು ಹೇಳುವಾಗ ನಾನು ತಲೆಯಾಡಿಸಿದ್ದೆ, ಕೈ ಮಾತ್ರ ಜೀಪಿನದೇ ಆಗಿತ್ತು. “ಹಂಗಾರೆ ಗೇರಲ್ಲೇ ಹಿಡ್ಕೊಂಡು ಇಳೀರಿ. ಕಾರಲ್ಲೇ ಹೋಗೋಣ” ಎಂದು ಅವಳು ಹತ್ತಿ ಕೂತಳು.

ಹೊರಟೆವು. ಏರಿನಲ್ಲಿ ಚಾರ್ಜಿನ ಅಂಕಿ ಇಳಿಯುವಾಗ ಇಬ್ಬರ ಕಣ್ಣೂ ಅದರ ಮೇಲೇ. ಇಳಿಜಾರಿನಲ್ಲಿ ಹಸಿರು ಪಟ್ಟಿ ಮೇಲೇಳುವಾಗ ಅವಳು “ಬಂತು, ಬಂತು” ಎಂದು ಹುರುಪಾಗುತ್ತಿದ್ದಳು. ಇಳಿಜಾರೆಂದರೆ ಕೈಬಿಟ್ಟು ಜಾರುವುದು ಎಂದುಕೊಂಡೇ ಆಯುಷ್ಯದ ಬಹುಪಾಲು ಕಳೆದವನಿಗೆ, ತಡೆದು ಇಳಿದರೆ ಮುಂದಿನ ಏರಿಗೆ ಕಸುವು ಸಿಗುತ್ತದೆಂಬುದು ಈ ಇಳಿವಯಸ್ಸಿನಲ್ಲಿ ಎಂಥ ಒಳ್ಳೆಯ ಸುದ್ದಿ! ಆ ಕಂಪನಿಯೂ ಹಳೆಯ ಹೆಸರಿನ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿಕೊಂಡು ಇನ್ನಷ್ಟು ಕಾಲ ಆರಾಮವಾಗಿ ಜಾರಬಹುದಿತ್ತು. ಜೀಪು ಕೊಳ್ಳಲು ನಮ್ಮಂಥವರು ಇದ್ದೇ ಇದ್ದೆವು. ಹಾಗೆ ಮಾಡದೆ ತಡೆದು, ತಿರುಗಿ, ಹೊಸ ಏರಿಗೆ ಸಿದ್ಧವಾದದ್ದನ್ನು ಮನಸಾರೆ ಮೆಚ್ಚಿದೆ. ಹೀಗೆ ತೂಗುತ್ತಾ ಬಳುಕುತ್ತಾ, ಬ್ಯಾಟರಿಯಲ್ಲಿ ಇನ್ನೂ ಚೂರು ಉಳಿದಿರುವಾಗಲೇ, ನಮ್ಮ ಗೇಟಿನ ಮುಂದಿನ ಕಡಿದಾದ ದಿಣ್ಣೆಯನ್ನೂ ಹತ್ತಿ ಅಂಗಳ ಸೇರಿದೆವು.

ನಾನು ಇಳಿದರೂ ಸುಮಿತ್ರೆ ಇಳಿಯಲಿಲ್ಲ. ಗಾಬರಿಯಾಗಿ ಅವಳ ಕಡೆ ಬಂದು ಬಾಗಿಲು ತೆಗೆದೆ. ಉಸಿರು ಸರಾಗವಾಗಿತ್ತು. ಸೀಟಿಗೆ ಒರಗಿ ನೆಮ್ಮದಿಯಾಗಿ ಕೂತಿದ್ದಳು.

“ಬರೋ ವಾರ ಯಸಳೂರಿಗೆ ಹೋಗೋಣ್ವಾ? ದೊಡ್ಡಮ್ಮನ್ನ ನೋಡಿ ಬಾಳ ದಿನ ಆಗೈತೆ.”

ಸರಿಯಾಗಿಯೇ ಕೇಳಿಸಿದ್ದರೂ, ಮತ್ತೊಮ್ಮೆ ಕೇಳುವ ಆಸೆಗೆ “ಏನಂದೆ?” ಎಂದೆ. ಕೇಳಿಸಲಿಲ್ಲವೇನೋ ಎಂದುಕೊಂಡು ಅವಳು ಇನ್ನೊಂದು ಸಲ ಕೇಳಿದಳು.