ಓದಿ ಹೇಳಲಾಗಿದೆ

ಬರೆಯದೇ ಇದ್ದದ್ದನ್ನು ನಾನು ನಿಮಗೆ ಓದಿ ಹೇಳಿದೆ, ಶರಣಮ್ಮ. ನಿಮಗೆ ಓದು ಬರುವುದಿಲ್ಲವೆಂದು ಗೊತ್ತಿದ್ದೇ ಓದಿದೆ. ಈ ಕಾಗದವನ್ನೂ ಯಾರಾದರೂ ನಿಮಗೆ ಓದಿಯೇ ಹೇಳಬೇಕು — ಬರೆದಷ್ಟನ್ನೇ ಓದಲಿ.

ನಾನಾಗ ಶಹಾಪುರದಲ್ಲಿ ತಲಾಟಿ, ಜಮೀನಿನ ಲೆಕ್ಕ ಬರೆಯುವವ. ಊರು ಬೆಳೆಯುತ್ತ ಗುಡ್ಡದ ಬುಡ ಮುಟ್ಟಿತ್ತು. ಅಲ್ಲಿ ಬಾರಿ, ಕಾರೆ, ಸೀತಾಫಲದ ಗಿಡಗಂಟಿ ಬೆಳೆದ ಒಂದಿಷ್ಟು ಸರ್ಕಾರಿ ಜಾಗ. ದಾಖಲೆಯಲ್ಲಿ ಅದರ ಹೆಸರು ‘ಖರಾಬು’, ಸಾಗುವಳಿಗೆ ಬಾರದ ನೆಲ. ಅದನ್ನು ಊರೊಳಗಿನ ಕಾಡಾಗಿ ಉಳಿಸಿಕೊಡಿ ಎಂದು ಕೆಲವರು ಅರ್ಜಿ ಕೊಟ್ಟಿದ್ದರು. ಮೇಲಿನವರಿಗೆ ಅಲ್ಲಿ ನಿವೇಶನ ಬೇಕಿತ್ತು. ಕಾಡುಪ್ರಾಣಿ ಇವೆಯೋ ಇಲ್ಲವೋ ನೋಡಿ ಪಂಚನಾಮೆ ಬರೆಯಲು ನನ್ನನ್ನು ಕಳಿಸಿದರು. ಷರಾ ಬರೆಯುವಾಗ ಉದ್ದ ಎಳೆಯಬೇಡ ಎಂದು ಸಾಹೇಬರು ಹೇಳಿದ್ದರು, ಅಷ್ಟೇ. ನನಗೆ ಅಷ್ಟು ಸಾಕಾಯಿತು. ಗುರುಮಠಕಲ್ ಕಡೆ ವರ್ಗ ಮಾಡಿಯಾರೆಂಬ ಪುಕ್ಕಲುತನ — ನಾಚಿಕೆಗೇಡು, ಆದರೆ ಅದೇ ನಿಜ.

ಅಲ್ಲೇ ಆಡು ಮೇಯಿಸುತ್ತಿದ್ದ ನಿಮ್ಮನ್ನು ಸಾಕ್ಷಿಗೆ ಬೇಕಾದ ಇಬ್ಬರು ಪಂಚರಲ್ಲಿ ಒಬ್ಬರಾಗಿ ಕರೆದೆ. ನೀವು ಹುರುಪಿನಿಂದ ಮುಂದೆ ನಡೆದಿರಿ. ಕಾರೆಕಂಟಿಯ ಬುಡದಲ್ಲಿ ಕೋಲಿನಿಂದ ತರಗೆಲೆ ಸರಿಸಿದಿರಿ — ನಕ್ಷತ್ರ ಆಮೆ, ಅಂಗೈ ತುಂಬುವಷ್ಟು, ಬೆನ್ನ ಮೇಲೆ ಹಳದಿ ಗೆರೆ. ಆಮೇಲೆ ಇನ್ನೆರಡು. ಹಿಡಿದು ಮಾರುವವರ ಕಣ್ಣಿಗೆ ಬೀಳದಂತೆ ಅವನ್ನು ಹೇಗೆ ಕಾಯ್ದಿರಿ ಎಂಬುದನ್ನೆಲ್ಲ ಹೇಳಿದಿರಿ.

“ಇವನ್ನ ಕಾಗದದಾಗ ಹಾಕ್ರಿ ಸಾಹೇಬ್ರ. ಹಾಕಿದ್ರ ಉಳಿತಾವ.”

ನಾನು ಹಾಕಲಿಲ್ಲ. ‘ಷರಾ: ವನ್ಯಜೀವಿ ಯಾವುದೂ ಇಲ್ಲ’ ಎಂದು ಬರೆದೆ. ಬರೆದದ್ದನ್ನು ಪಂಚರಿಗೆ ಓದಿ ಹೇಳಬೇಕು, ಅದು ಪದ್ಧತಿ. ಓದಿದೆ. ಕಾಗದ ನೋಡುತ್ತಲೇ, ಒಂದಿಷ್ಟೂ ತಡವರಿಸದೆ — ನಕ್ಷತ್ರ ಆಮೆ ಮೂರು, ಜೀವಂತ, ಶರಣಮ್ಮ ತೋರಿಸಿದ್ದು ಎಂದು. ನಿಮ್ಮ ಹೆಸರು ಕೇಳಿ ನಿಮ್ಮ ಮುಖ ಅರಳಿತು. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಿರಿ. ಇನ್ನೊಬ್ಬ ಪಂಚನ ಸಹಿಯನ್ನು ಕಚೇರಿಯಲ್ಲೇ ಹಾಕಿಸಿಕೊಂಡೆ.

ಜೆಸಿಬಿ ಬಂದ ದಿನ ಒಂದು ಆಮೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಚೇರಿಗೆ ಬಂದಿರಿ. ಸಾಹೇಬರು ಷರಾ ಓದಿ, ಕೆಳಗಿನ ನಿಮ್ಮ ಹೆಬ್ಬೆಟ್ಟು ತೋರಿಸಿದರು. ನೀವು ನನ್ನ ಕಡೆ ತಿರುಗಿದಿರಿ.

“ನೀವು ಓದಿದ್ರೆಲ್ರಿ. ನಾ ಕೇಳೀನಿ.”

ನಾನು ಫೈಲಿನ ದಾರ ಕಟ್ಟುತ್ತ ಕೂತೆ. ಮುದುಕಿಗೆ ಅರಳುಮರಳು ಎಂದು ಯಾರೋ ನಕ್ಕರು. ನಾನು ಕೂಡ — ಹೌದು, ನಾನೂ ನಕ್ಕೆ.

ಹೋದ ತಿಂಗಳು, ನೀವು ಗೋಗಿಯಲ್ಲಿ ಮಗಳ ಮನೆಯಲ್ಲಿದ್ದೀರೆಂದು ತಿಳಿದು, ಬಂದು ಎಲ್ಲ ಹೇಳಿದೆ. ಬೈಯುತ್ತೀರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೀವು ಕೇಳಿದ್ದು ಒಂದೇ.

“ಆ ಆಮಿ ಈಗ ಅದಾವೇನಪಾ?”

ಗೋಗಿಗೆ ಬರುವ ಮೊದಲು ಆ ಜಾಗಕ್ಕೆ ಹೋಗಿ ಬಂದಿದ್ದೆ. ಸಿಮೆಂಟ್ ರಸ್ತೆ, ಕಾಂಪೌಂಡು, ನೀರಿನ ಟಾಕಿ. ಒಂದು ಕಾರೆಕಂಟಿಯೂ ಇಲ್ಲ. ಇವೆ ಎಂದುಬಿಡಲೇ ಅನ್ನಿಸಿತು. ನೀವು ನಂಬುತ್ತಿದ್ದಿರಿ — ಅವತ್ತಿನ ಹಾಗೆಯೇ.

“ಇಲ್ಲಬೇ ಯವ್ವಾ,” ಎಂದೆ.

ಅವತ್ತು ನಾನು ಬರೆದದ್ದು ಸುಳ್ಳಾಗಿತ್ತು. ಈಗ ಅದು ನಿಜವಾಗಿದೆ. ಅದರ ಕೆಳಗೆ ಇರುವುದು ನಿಮ್ಮ ಹೆಬ್ಬೆಟ್ಟು.