ಬಾಣ ಅಳಿಸಿಹೋದ ಮಣ್ಣಿನ ತುಂಡು

ಪುರಾತನ ನಗರದ ಮಣ್ಣನ್ನು ಅಂಟಿನಲ್ಲಿ ಗಟ್ಟಿಮಾಡಿ, ಕೂದಲಿಗಿಂತ ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕಕ್ಕೆ ಸಿದ್ಧಪಡಿಸುವುದು ಅಕ್ಕನ ಕೆಲಸ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಆಕೆ ಅಕ್ಕನೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮೇಲ್ಭಾಗ ತೋರಿಸುವ ಬಾಣದ ಗುರುತನ್ನೇ ಉಜ್ಜಿಹಾಕಿದ್ದಳು. ಅಗೆತದಲ್ಲಿ ಸಿಕ್ಕ ಒಂದು ಮನೆಯಿಂದ ಬಂದಿದ್ದು ಅದೊಂದೇ ತುಂಡು; ಅದರಲ್ಲಿ ಒಂದು ಪದರ ಒಲೆಬೂದಿ, ಒಂದು ಪದರ ನೆರೆಯ ಕೆಸರು.

"ಒಲೆ ಉರಿದದ್ದು ಮೊದಲೋ, ನೆರೆ ನುಗ್ಗಿದ್ದು ಮೊದಲೋ? ಈಗ ಯಾರನ್ನ ಕೇಳೋಣ? ಬಿಸಾಕಕ್ಕ," ಎಂದರು ಅಗೆತ ನಡೆಸುತ್ತಿದ್ದ ಮೇಷ್ಟ್ರು.

"ಸ್ವಲ್ಪ ತಾಳಿ ಸಾರ್."

ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದಳು. ನೆರೆಯ ಕೆಸರಿನಲ್ಲಿ ಮರಳು ಒಂದು ಬದಿಗಿತ್ತು, ನುಣ್ಣನೆಯ ಜೇಡಿ ಇನ್ನೊಂದು ಬದಿಗೆ. ಊರಲ್ಲಿ ಕೆರೆಯ ಕದಡಿದ ನೀರನ್ನು ಬಿಂದಿಗೆಯಲ್ಲಿ ತಿಳಿಯಾಗಿಸಿ ಕುಡಿದು ಬೆಳೆದವಳು ಆಕೆ.

"ಮರಳು ಮೊದಲು ತಳ ಸೇರುತ್ತೆ, ಜೇಡಿ ಆಮೇಲೆ. ಒಲೆಬೂದಿ ಜೇಡಿಯ ಮೇಲಿದೆ ಸಾರ್. ನೆರೆ ಇಳಿದ ಮೇಲೂ ಅಡುಗೆ ಮಾಡಿದಾರೆ, ಊರು ಬಿಟ್ಟಿಲ್ಲ."

ಮೇಷ್ಟ್ರು ತಾವೂ ಬಗ್ಗಿ ನೋಡಿದರು. "ಹಾಗಾದ್ರೆ ಬಾಣ ಬರಿ."

ಅಕ್ಕ ಬರೆದಳು, ಈ ಸಲ ಎರಡು ಕಡೆ.